ಕೊನೆಯ ಎರಡು ಪೋರ್ಟು

ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ತೆವಳುತ್ತದಲ್ಲ, ನನ್ನ ಅರ್ಧ ಆಯಸ್ಸು ಅದನ್ನು ನೋಡುವುದರಲ್ಲೇ ಹೋಗಿದೆ. ಫೈಲು ಒಳಗೆ ಬರುವಾಗ ಒಂದು ಗೆರೆ, ಕೆಲಸ ಮುಗಿದು ಹೊರಗೆ ಹೋಗುವಾಗ ಇನ್ನೊಂದು ಗೆರೆ. ಇನ್ನೇನು ಎರಡು ನಿಮಿಷ ಅನ್ನುತ್ತದೆ, ಆಮೇಲೆ ಮನಸ್ಸು ಬದಲಾಯಿಸಿ ಇಪ್ಪತ್ತು ನಿಮಿಷ ಅನ್ನುತ್ತದೆ. ಮನುಷ್ಯರು ಯಾರಾದರೂ ಹೀಗೆ ಮಾತು ತಪ್ಪಿದರೆ ಅವರ ಬಾಗಿಲಿಗೇ ಹೋಗಿ ಜಗಳ ತೆಗೆಯುವವಳು ನಾನು. ಗೆರೆಯ ಜೊತೆ ಏನಂತ ಜಗಳ ಆಡುವುದು? ಎದ್ದು ಅಡುಗೆಮನೆಗೆ ಹೋಗಿ ಹಾಲಿಟ್ಟು ಬರುತ್ತೇನೆ. ಗೆರೆ ಇದ್ದಲ್ಲೇ ಇರುತ್ತದೆ, ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ನಮ್ಮದು ಗುಬ್ಬಿಯಲ್ಲಿ ಮದುವೆ ಫೋಟೋ, ವೀಡಿಯೋದ ಕಸುಬು. ಯಜಮಾನರು ಫೋಟೋ ತೆಗೆಯುತ್ತಾರೆ. ವೀಡಿಯೋಗೆ ಕುಣಿಗಲ್ಲಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಬಂದದ್ದನ್ನು ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಮಿಕ್ಸಿಂಗ್ ಮಾಡುತ್ತೇನೆ. ಅಂದರೆ ಎರಡು ದಿನ ನಡೆದ ಮದುವೆಯನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಕೂತು ನೋಡುವಷ್ಟಕ್ಕೆ ಇಳಿಸಿಕೊಡುವುದು. ಜನ ಕಾಯುವುದು, ಆಕಳಿಸುವುದು, ಪುರೋಹಿತರು ಬೆಂಕಿಪೊಟ್ಟಣ ಹುಡುಕುವುದು, ಇದೆಲ್ಲ ನಮ್ಮ ಲೆಕ್ಕದಲ್ಲಿ ವೇಸ್ಟು. ಅದನ್ನು ಕತ್ತರಿಸುವಾಗ ನನಗೆ ಸಿಗುವಷ್ಟು ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಅವಸರ ನನ್ನ ಹುಟ್ಟುಗುಣ. ತುಮಕೂರಿಗೆ ಹೋಗುವ ಬಸ್ಸಿನಲ್ಲಿ ಕೂತರೆ, ಡ್ರೈವರು ಹತ್ತುವ ಮೊದಲೇ ನನ್ನ ಕಾಲು ನೆಲವನ್ನು ಒತ್ತುತ್ತಿರುತ್ತದೆ. ಯಜಮಾನರು ಇದಕ್ಕೆ ಪೂರಾ ವಿರುದ್ಧ. ಒಂದು ಫೋಟೋಗಾಗಿ ಇಡೀ ಮಂಟಪವನ್ನು ನಿಲ್ಲಿಸಿಬಿಡುತ್ತಾರೆ. ‘ಇನ್ನೊಂದ್ಸಲ’ ಅನ್ನುವುದು ಅವರ ಬಾಯಲ್ಲಿ ಉಸಿರಿನಷ್ಟೇ ಸಲೀಸು. ಹಾರ ಇನ್ನೊಂದ್ಸಲ, ಆರತಿ ಇನ್ನೊಂದ್ಸಲ, ಅಕ್ಷತೆ ಇನ್ನೊಂದ್ಸಲ. ತಾಳಿ ಕಟ್ಟುವುದೊಂದನ್ನು ಬಿಟ್ಟರೆ ಮದುವೆಯಲ್ಲಿ ಇನ್ನೊಂದ್ಸಲ ಆಗದೇ ಇರುವುದು ಯಾವುದೂ ಇಲ್ಲ ಎನ್ನುವುದು ನಮ್ಮ ಕಸುಬಿನವರ ನಂಬಿಕೆ. ಜನರೂ ಹಾಗೇ, ಕ್ಯಾಮೆರಾದವರು ಹೇಳಿದರೆ ಸಾಕು, ಕೊಟ್ಟದ್ದನ್ನು ವಾಪಸ್ಸು ಪಡೆದು ನಗುತ್ತಾ ಮತ್ತೆ ಕೊಡುತ್ತಾರೆ.

ಹೋದ ಆಷಾಢದಲ್ಲಿ ನನ್ನ ಈ ಅವಸರ ಕಂಪ್ಯೂಟರಿನ ಹೊಟ್ಟೆಗೇ ಕೈಹಾಕಿತು. ನಮ್ಮ ಕಂಪ್ಯೂಟರಿನಲ್ಲಿ ಮದುವೆಗಳೆಲ್ಲ ತುಂಬಿರುವುದು ಒಂದು ದೊಡ್ಡ ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಅದು ಸಾಟಾ ಎನ್ನುವ ಚಪ್ಪಟೆ ಕೇಬಲ್ಲಿನಿಂದ ಮದರ್‌ಬೋರ್ಡಿಗೆ ಸೇರಿಕೊಂಡಿರುತ್ತದೆ. ಸೆಕೆಂಡಿಗೆ ಆರು ಗಿಗಾಬಿಟ್ ಹೊರುತ್ತೇನೆ ಎಂದು ಆ ಕೇಬಲ್ಲು ಹೇಳಿಕೊಳ್ಳುತ್ತದೆ. ಹೊರಬಹುದು. ಆದರೆ ಡಿಸ್ಕಿನೊಳಗೆ ಬಿಲ್ಲೆ ಗಿರಗಿರ ತಿರುಗಿ, ಅದರ ಮೇಲೆ ಒಂದು ಸಣ್ಣ ತೋಳು ಓಡಾಡಿ ಓದಿ ಕೊಟ್ಟಷ್ಟನ್ನೇ ತಾನೇ ಅದು ಹೊರಬೇಕು? ಕುಣಿಗಲ್ ಹೈವೇಯಲ್ಲಿ ಎತ್ತಿನ ಗಾಡಿ ಹೊಡೆದ ಹಾಗೆ. ರಸ್ತೆ ಎಷ್ಟು ಅಗಲವಿದ್ದರೂ ಎತ್ತು ನಡೆಯುವುದು ಎತ್ತಿನ ನಡೆಯಲ್ಲೇ.

ಹೊಸ ತರಹದ ಡಿಸ್ಕು ಬಂದಿದೆ, ಅದಕ್ಕೆ ಕೇಬಲ್ಲೂ ಇಲ್ಲ, ತಿರುಗುವ ಬಿಲ್ಲೆಯೂ ಇಲ್ಲ, ಮುರಿದ ಬಾಚಣಿಗೆಯ ತುಂಡಿನಷ್ಟಿದೆ, ನೇರವಾಗಿ ಬೋರ್ಡಿನ ಮೇಲೇ ಕೂರುತ್ತದೆ ಎಂದು ಕೇಳಿದ್ದೆ. ಕೇಳಿದ ಮೇಲೆ ನಿದ್ದೆ ಬಂದರೆ ಕೇಳಿ. ತುಮಕೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ನಾವು ಯಾವಾಗಲೂ ಹೋಗುವ ಅಂಗಡಿಯವರು ನನ್ನ ಅವಸರಕ್ಕೆ ಮಣಿಯದೆ ಮೊದಲು ಬೋರ್ಡು ಯಾವುದು ಎಂದು ಕೇಳಿದರು. ಬೋರ್ಡಿನ ಫೋಟೋವನ್ನು ಮೊಬೈಲಿನಲ್ಲಿ ಹೊತ್ತುಕೊಂಡೇ ಹೋಗಿದ್ದೆ. ಈ ಹೊಸ ಡಿಸ್ಕನ್ನು ಅವರು ಕರೆಯುವುದು ಕಡ್ಡಿ ಎಂದು, ಬೋರ್ಡಿನಲ್ಲಿ ಅದು ಕೂರುವ ಜಾಗ ಸ್ಲಾಟು. ಒಂದೇ ತರಹ ಕಾಣುವ ಸ್ಲಾಟುಗಳಲ್ಲಿ ಕೆಲವು ನಿಧಾನದ ಕಡ್ಡಿಯನ್ನು ಮಾತ್ರ ಒಪ್ಪುತ್ತವಂತೆ, ನಮ್ಮದು ನಿಧಾನದ್ದು, ಜೋರಾದದ್ದು ಎರಡನ್ನೂ ಒಪ್ಪುತ್ತದೆ ಎಂದರು. ಇರುವುದರಲ್ಲೇ ಜೋರಾದದ್ದು ಕೊಡಿ ಎಂದೆ. ಕೊಡಬಹುದು, ಆದರೆ ನಿಮ್ಮ ಬೋರ್ಡು ಮೂರನೇ ತಲೆಮಾರಿನದು, ಕಡ್ಡಿ ನಾಲ್ಕನೇ ತಲೆಮಾರಿನದು, ಬೋರ್ಡು ಎಷ್ಟಕ್ಕೆ ಬಿಡುತ್ತದೋ ಅಷ್ಟಕ್ಕೇ ಓಡುತ್ತದೆ ಎಂದು ತಿಳಿಹೇಳಿದರು. ಆದರೂ ಹಳೆಯ ಡಿಸ್ಕಿಗೆ ಹೋಲಿಸಿದರೆ ಇದು ಹಾರುತ್ತದೆ ಎಂದೂ ಸೇರಿಸಿದರು. ನನ್ನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಒಂದೇ.

ಮನೆಗೆ ಬಂದು ಕಂಪ್ಯೂಟರಿನ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ, ಕಡ್ಡಿಯನ್ನು ಓರೆಯಾಗಿ ತೂರಿಸಿ, ಒತ್ತಿ ಹಿಡಿದು ಸಾಸಿವೆಯಷ್ಟು ಸ್ಕ್ರೂ ಬಿಗಿದೆ. ಹೊಸ ಮದುವೆಯೊಂದನ್ನು ಕ್ಯಾಮೆರಾ ಕಾರ್ಡಿನಿಂದ ಅದರ ಮೇಲೆ ಇಳಿಸಿಕೊಂಡು ಮಿಕ್ಸಿಂಗಿಗೆ ಕೂತೆ. ಪರದೆ ನನ್ನ ಬೆರಳಿನ ಹಿಂದೆಯೇ ಓಡಿ ಬರುತ್ತಿತ್ತು. ಎಲ್ಲಿ ಕತ್ತರಿಸಿದರೆ ಅಲ್ಲಿ ಕತ್ತರಿಸಿಕೊಂಡಿತು, ಒಂದು ಸಲವೂ ತಡವರಿಸಲಿಲ್ಲ. ಅವತ್ತು ಹಾಲು ಉಕ್ಕಲಿಲ್ಲ. ಯಜಮಾನರನ್ನು ಕರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಇಷ್ಟು ಬೇಗ ಮುಗಿಸಿ ಉಳಿದ ಹೊತ್ತಿನಲ್ಲಿ ಏನು ಮಾಡ್ತೀಯಾ ಎಂದು ಕೇಳಿದರು. ಅಂಥ ಪ್ರಶ್ನೆಗೆಲ್ಲ ನಾನು ಉತ್ತರ ಕೊಡುವುದಿಲ್ಲ.

ಹೀಗೆ ಹಾರಾಡುತ್ತಿರುವಾಗ ಅಮೃತೂರಿನಿಂದ ಅಣ್ಣನ ಫೋನು ಬಂತು.

ಅಣ್ಣ ಹೈಸ್ಕೂಲು ಮೇಷ್ಟ್ರು. ಅವನ ಮಗಳ ಮದುವೆ ಆಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಕುಣಿಗಲ್ಲಿನ ಕಲ್ಯಾಣ ಮಂಟಪದಲ್ಲಿ ನಡೆದ ಮದುವೆ. ಫೋಟೋ, ವೀಡಿಯೋ ನಮ್ಮದೇ. ಗಂಡಿನ ಊರು ಹಾಗಲವಾಡಿ, ಹುಡುಗ ತುಮಕೂರಿನಲ್ಲಿ ಕೆಲಸದಲ್ಲಿದ್ದಾನೆ. ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡು, ದೊಡ್ಡಪ್ಪನೇ ಅವನನ್ನು ಸಾಕಿ ಓದಿಸಿದವರು. ಆಷಾಢ ಹುಟ್ಟಿದ್ದರಿಂದ ಹುಡುಗಿ ಪದ್ಧತಿಯಂತೆ ತವರಿಗೆ ಬಂದಿದ್ದಳು. ಆಷಾಢ ಕಳೆದ ಮೇಲೆ ಗಂಡಿನ ಕಡೆಯ ಹಿರಿಯರು ಬಂದು, ಊಟ ಮಾಡಿ, ಮಡಿಲು ತುಂಬಿಸಿಕೊಂಡು ಕರೆದುಕೊಂಡು ಹೋಗಬೇಕು. ಹಿರಿಯರೆಂದರೆ ಆ ದೊಡ್ಡಪ್ಪನೇ. ಅವರು ತಾನು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ಕಾರಣ ಒಂದು ತಟ್ಟೆ. ಧಾರೆಗೆ ಮುಂಚೆ ಹೆಣ್ಣಿನ ತಂದೆ ಗಂಡಿನ ಕಡೆಯ ಹಿರಿಯರಿಗೆ ಪಂಚೆ, ಶಲ್ಯ, ತೆಂಗಿನಕಾಯಿ, ಎಲೆಅಡಿಕೆ ಇಟ್ಟ ತಟ್ಟೆ ಕೊಟ್ಟು ಗೌರವಿಸುವುದು ನಮ್ಮಲ್ಲಿದೆ. ಬೀಗರಿಗೆ ಮಾಡುವ ಗೌರವ. ತಾನು ಸಾಕಿದ ಮಗನ ಮದುವೆಯಲ್ಲಿ, ತುಂಬಿದ ಮಂಟಪದಲ್ಲಿ ತನಗೆ ತಟ್ಟೆ ಸಿಗಲಿಲ್ಲ, ಅದು ಹುಡುಗನ ಸೋದರಮಾವನ ಕೈಗೆ ಹೋಯಿತು ಎನ್ನುವುದು ದೊಡ್ಡಪ್ಪನ ಮಾತು. ಇದು ಅಪ್ಪಟ ಸುಳ್ಳು ಎನ್ನುವುದು ಅಣ್ಣನ ಮಾತು.

“ನನ್ ಕೈಯಾರೆ ಕೊಟ್ಟಿದೀನಿ ಕಣೇ,” ಎಂದ ಅಣ್ಣ. “ನಿನ್ ವೀಡಿಯೋದಲ್ಲಿ ಇದ್ದೇ ಇರುತ್ತೆ. ತೆಗ್ದು ಕೊಡು, ಅವ್ರ ಮುಖಕ್ಕೆ ಹಿಡೀತೀನಿ.”

ನಾನು ಮಿಕ್ಸಿಂಗ್ ಮಾಡಿ ಕೊಟ್ಟಿದ್ದ ವೀಡಿಯೋದಲ್ಲಿ, ಆಲ್ಬಮ್ಮಿನಲ್ಲಿ, ಎರಡರಲ್ಲೂ ಅಣ್ಣ ನಗುತ್ತಾ ತಟ್ಟೆ ಕೊಡುತ್ತಿದ್ದದ್ದು ಸೋದರಮಾವನಿಗೇ. ದೊಡ್ಡಪ್ಪ ಎಲ್ಲೂ ಇಲ್ಲ. ಇನ್ನೇನಾದರೂ ಇದ್ದರೆ ನಾನು ಅವಸರದಲ್ಲಿ ಸರಿಯಾಗಿ ನೋಡದೆ ಕತ್ತರಿಸಿ ಬಿಸಾಕಿದ ವೇಸ್ಟಿನಲ್ಲಿ ಇರಬೇಕು. ಪೂರ್ತಿ ಮದುವೆ ಕತ್ತರಿಸದೆ ಹಳೆಯ ಡಿಸ್ಕಿನಲ್ಲಿ ಹಾಗೇ ಇತ್ತು. ಇವತ್ತೇ ಹುಡುಕಿ ಕಳಿಸುತ್ತೇನೆ ಎಂದು ಅಣ್ಣನಿಗೆ ಜಂಬದಿಂದ ಹೇಳಿದೆ. ಫೋನು ಇಡುವ ಮೊದಲು ಹುಡುಗಿ ಮಾತಾಡಿದಳು. ಗಂಡ ದಿನಾ ಫೋನು ಮಾಡುತ್ತಾನಂತೆ, ಊಟ ಆಯಿತಾ ಎಂದು ಕೇಳುತ್ತಾನಂತೆ.

“ಆದ್ರೆ ದೊಡ್ಡಪ್ಪನ ಮಾತು ಮೀರಲ್ಲ ಅತ್ತೆ ಅವ್ರು,” ಎಂದಳು. “ಮೀರೋರಾಗಿದ್ರೆ ನಂಗೂ ಇಷ್ಟ ಆಗ್ತಿರ್ಲಿಲ್ಲ.”

ಹುಡುಗಿ ಯಾರ ಮೇಲೂ ಸಿಟ್ಟಿಲ್ಲದೆ, ಇಬ್ಬರು ಹಿರಿಯರ ಹಟದ ನಡುವೆ ಸಿಕ್ಕಿಕೊಂಡಿದ್ದಳು.

ಕೂತು ಡಿಸ್ಕು ತೆರೆಯಲು ಹೋದೆ. ಡಿಸ್ಕು ಇಲ್ಲ. ಪರದೆಯ ಮೇಲೆ ಅದು ಯಾವಾಗಲೂ ಇರುತ್ತಿದ್ದ ಜಾಗ ಖಾಲಿ. ಆರಿಸಿ ಹಾಕಿದೆ, ಇಲ್ಲ. ಕರೆಂಟಿನ ವೈರು ಬದಲಾಯಿಸಿದೆ, ಇಲ್ಲ. ಸಾಟಾ ಕೇಬಲ್ಲನ್ನು ಬೋರ್ಡಿನಲ್ಲಿ ಅದನ್ನು ಸಿಕ್ಕಿಸುವ ಪೋರ್ಟಿನಿಂದ ಕಿತ್ತು ಪಕ್ಕದ ಪೋರ್ಟಿಗೆ ಹಾಕಿದೆ, ಅಲ್ಲೂ ಇಲ್ಲ. ಎರಡು ಪೋರ್ಟಿನಲ್ಲೂ ಬರಲಿಲ್ಲ ಎಂದ ಮೇಲೆ ಡಿಸ್ಕೇ ಸತ್ತಿದೆ ಎಂದು ತೀರ್ಮಾನಿಸಿದೆ. ಡಬ್ಬಕ್ಕೆ ಕಿವಿ ಇಟ್ಟೆ. ಹಾಗಲವಾಡಿ ಕಡೆ ಅಟ್ಟದಿಂದ ಕಾಯಿ ಇಳಿಸಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಹಿಡಿಯುತ್ತಾರಲ್ಲ, ಹಾಗೆ. ಒಳಗೆ ಬಿಲ್ಲೆ ತಿರುಗುತ್ತಲೇ ಇತ್ತು. ಬದುಕಿದೆ, ಆದರೆ ಮಾತಾಡುತ್ತಿಲ್ಲ. ಇನ್ನೊಂದು ಕಾಪಿ ಇಟ್ಟಿರಲಿಲ್ಲವೇ ಎಂದು ಕೇಳಬೇಡಿ. ಕ್ಯಾಮೆರಾ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಅಳಿಸಿಬಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ.

ಯಜಮಾನರು ಬಂದು ನಿಂತು, ಸ್ವಲ್ಪ ತಡಿ, ಬಿಸಿ ಆಗಿರಬೇಕು, ಆರಲಿ ಎಂದರು. ಜಗತ್ತಿನ ಎಲ್ಲ ಕಾಯಿಲೆಗೂ ಅವರ ಹತ್ತಿರ ಇರುವುದು ಇದೊಂದೇ ಔಷಧಿ. ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಅಣ್ಣ ಮತ್ತೆ ಫೋನು ಮಾಡಿದ. ಡಿಸ್ಕು ಕಾಣುತ್ತಿಲ್ಲ ಎಂದೆ. ಅವನು “ನಿಂಗೆ ಕೊಡಕ್ಕೆ ಇಷ್ಟ ಇಲ್ವಾ?” ಎಂದು ಕೇಳಿದ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎನ್ನುವುದು ಅವನ ಅನುಮಾನ. ಒಡಹುಟ್ಟಿದವನ ಬಾಯಲ್ಲಿ ಅಂಥ ಮಾತು ಬಂದದ್ದಕ್ಕೆ ಅಳುವೇ ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಬೆಳಗ್ಗೆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ತುಮಕೂರಿನ ಬಸ್ಸು ಹತ್ತಿದೆ. ಜೀವಮಾನದಲ್ಲಿ ಮೊದಲ ಸಲ, ಡ್ರೈವರು ಸ್ವಲ್ಪ ನಿಧಾನವಾಗಿ ಹೋಗಬಾರದೇ ಅನ್ನಿಸಿತು. ಒಂದೊಂದು ಹಂಪು ಬಂದಾಗಲೂ ಮಡಿಲನ್ನು ಮೇಲೆತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊಟ್ಟೆಯಾ ಎಂದು ಕೇಳಿದರು. ಹೂಂ ಎಂದೆ.

ಅಂಗಡಿಯವರು ಡಿಸ್ಕನ್ನು ತಮ್ಮ ಮೇಜಿನ ಕಂಪ್ಯೂಟರಿಗೆ ಸಿಕ್ಕಿಸಿದರು. ಎರಡು ಉಸಿರು ಬಿಡುವಷ್ಟರಲ್ಲಿ ಎಲ್ಲ ಮದುವೆಗಳೂ ಸಾಲಾಗಿ ಬಂದು ನಿಂತವು. ನಡುವೆ ಕುಣಿಗಲ್ಲಿನದೂ ಇತ್ತು. ತೆರೆದು ತೋರಿಸಲೇ ಎಂದು ಕೇಳಿದರು. ಅಂಗಡಿಯ ತುಂಬ ಜನ, ಅದರಲ್ಲಿ ಗುಬ್ಬಿ ಕಡೆಯವರೂ ಇದ್ದರು. ನಮ್ಮ ಮನೆಯ ರಂಪವನ್ನು ಅಲ್ಲಿ ದೊಡ್ಡ ಪರದೆಯ ಮೇಲೆ ಹರಡಲು ನಾನು ತಯಾರಿರಲಿಲ್ಲ. ಬೇಡ, ಬದುಕಿದೆಯಲ್ಲ ಸಾಕು ಎಂದೆ.

“ಡಿಸ್ಕ್ ಗಟ್ಟಿಯಾಗೈತೆ ಮೇಡಂ,” ಎಂದರು ಅವರು. “ನಿಮ್ ಬೋರ್ಡಿಗೇ ಏನೋ ಆಗಿರ್ಬೇಕು ನೋಡಿ.”

ಮನೆಗೆ ಓಡಿಬಂದು ಮತ್ತೆ ಇದ್ದ ಜಾಗಕ್ಕೇ ಹಾಕಿದೆ. ಇಲ್ಲ. ಅಂಗಡಿಯಲ್ಲಿ ಕಂಡದ್ದು ಮನೆಯಲ್ಲಿ ಕಾಣುತ್ತಿಲ್ಲ. ಆ ದಿನವೆಲ್ಲ ಒಂದು ಕಡೆ ಕೂರಲಿಲ್ಲ, ನಿಲ್ಲಲಿಲ್ಲ. ಬಟ್ಟೆ ಒಗೆಯಲು ನೆನೆಸಿ ಮರೆತೆ. ಪಕ್ಕದ ಮನೆಯವರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಹುಡುಗಿಯಿಂದ ‘ಸಿಕ್ತಾ ಅತ್ತೆ?’ ಎಂದು ಮೊಬೈಲಿಗೆ ಮೆಸೇಜು ಬಂತು. ಉತ್ತರ ಬರೆಯುವುದು, ಅಳಿಸುವುದು, ಇದೇ ಆಯಿತು.

ಮಾರನೇ ದಿನ ಬೆಳಗ್ಗೆ ಅಣ್ಣ ಹೇಳದೆ ಕೇಳದೆ ಗುಬ್ಬಿಗೇ ಬಂದುಬಿಟ್ಟ. ಅಲ್ಲಿಂದ ಹಾಗಲವಾಡಿಗೆ ಹೋಗಿ ಸಾಕ್ಷಿ ತೋರಿಸಿ ಬರುವುದು ಅವನ ಲೆಕ್ಕ. ಕೊಟ್ಟ ಕಾಫಿ ಮುಟ್ಟದೆ, ಮುಂದಿನ ಕೋಣೆಯ ಕುರ್ಚಿಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ಬಂದವನ ಹಾಗೆ ಕೂತ. ಅವನ ಕಣ್ಣು ನನ್ನ ಬೆನ್ನಿನ ಮೇಲಿರುವಾಗಲೇ ನಾನು ಡಬ್ಬ ಬಿಚ್ಚಿದೆ. ಈ ದರಿದ್ರ ಕಡ್ಡಿ ಮನೆಗೆ ಬಂದ ಮೇಲೇ ಇದೆಲ್ಲ ಶುರುವಾಗಿದ್ದು, ಮೊದಲು ಇದನ್ನು ಅಂಗಡಿಗೆ ವಾಪಸ್ಸು ಕೊಟ್ಟು ಬರುತ್ತೇನೆ ಎಂದು ಬೈಯುತ್ತಾ ಸ್ಕ್ರೂ ತೆಗೆದು ಕಡ್ಡಿಯನ್ನು ಕಿತ್ತು ಮೇಜಿನ ಮೇಲೆ ಎಸೆದೆ. ಸಿಟ್ಟಿನಲ್ಲೇ ಸ್ವಿಚ್ಚು ಒತ್ತಿದೆ.

ಹಳೆಯ ಡಿಸ್ಕು ಬಂತು.

ನಂಬಲಿಲ್ಲ. ಆರಿಸಿ ಕಡ್ಡಿಯನ್ನು ಮತ್ತೆ ಕೂರಿಸಿದೆ, ಡಿಸ್ಕು ಹೋಯಿತು. ಕಡ್ಡಿ ತೆಗೆದೆ, ಡಿಸ್ಕು ಬಂತು. ಇದು ಕೂತರೆ ಅದು ಏಳುತ್ತಿದೆ ಎನ್ನುವುದು ತಲೆಗೆ ಹೋಗಲು ಆಮೇಲೆ ಹೊತ್ತು ಹಿಡಿಯಲಿಲ್ಲ. ಅಂಗಡಿಗೆ ಫೋನು ಮಾಡಿ ಹೀಗೀಗೆ ಎಂದೆ. ಅವರು ನಾಲಿಗೆ ಕಚ್ಚಿಕೊಂಡದ್ದು ಫೋನಿನಲ್ಲೇ ಕೇಳಿಸಿತು. ಕೆಲವು ಬೋರ್ಡುಗಳಲ್ಲಿ ಆ ಸ್ಲಾಟಿಗೂ ಸಾಟಾದ ಕೊನೆಯ ಎರಡು ಪೋರ್ಟಿಗೂ ಒಂದೇ ದಾರಿಯಂತೆ. ಸ್ಲಾಟಿನಲ್ಲಿ ಕಡ್ಡಿ ಕೂತ ಕೂಡಲೇ ಬೋರ್ಡು ಆ ಎರಡನ್ನೂ ಮುಚ್ಚಿಬಿಡುತ್ತದಂತೆ. ನಮ್ಮ ಡಿಸ್ಕು ಇದ್ದದ್ದು ಕೊನೆಯದರಲ್ಲಿ. ವೈರುಗಳು ಅಂದವಾಗಿ ಇರಲಿ ಎಂದು ಯಜಮಾನರೇ ಅದನ್ನು ಅಲ್ಲಿ ಹಾಕಿ ಟ್ಯಾಗು ಕಟ್ಟಿದ್ದರು. ನಾನು ಪರೀಕ್ಷೆ ಮಾಡಿದ ಪಕ್ಕದ ಪೋರ್ಟು ಅದರ ಜೋಡಿ. ಮೇಲಿನ ಪೋರ್ಟುಗಳು ಖಾಲಿ ಬಿದ್ದಿದ್ದವು. ಕೇಬಲ್ಲನ್ನು ಅಲ್ಲಿಗೆ ಹಾಕಿದೆ. ಕಡ್ಡಿಯೂ ಇತ್ತು, ಡಿಸ್ಕೂ ಇತ್ತು.

ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಇದರ ಜಾಗ ಅದಕ್ಕೆ ಕೊಟ್ಟಿದ್ದೇನೆ ಎಂದು ಪರದೆಯ ಮೇಲೆ ಒಂದು ಸಾಲು ಬರೆದಿದ್ದರೆ ಬೋರ್ಡಿನ ಗಂಟೇನು ಹೋಗುತ್ತಿತ್ತು? ಬಾಯಿ ಬಿಡದೆ ಹಳೆಯದನ್ನು ಎಬ್ಬಿಸಿ ಕಳಿಸಿದೆ. ಅಣ್ಣನಿಗೆ ಇದನ್ನೆಲ್ಲ ವಿವರಿಸಲು ಹೋದೆ. ಅವನು ಕೈಯೆತ್ತಿ, ಮೊದಲು ವೀಡಿಯೋ ಹಾಕು ಎಂದ.

ಕಡ್ಡಿ ಎಷ್ಟು ಜೋರಾಗಿದ್ದರೇನು, ಓದಿ ಕೊಡಬೇಕಾದದ್ದು ಹಳೆಯ ಡಿಸ್ಕು. ಅದು ತನ್ನ ನಡೆಯಲ್ಲೇ ಕೊಟ್ಟಿತು. ಹಸಿರು ಗೆರೆ ತೆವಳಿತು. ಅಣ್ಣನ ಕಾಲೂ ನೆಲ ಒತ್ತುವುದನ್ನು ಕಂಡೆ, ಒಂದೇ ರಕ್ತ ತಾನೇ. ಯಜಮಾನರು ಬಂದು ನಮ್ಮಿಬ್ಬರ ಹಿಂದೆ ನಿಂತರು.

ಮಂಟಪ, ವಾಲಗದ ಸದ್ದು. ಅಣ್ಣ ತಟ್ಟೆ ಹಿಡಿದು ಬರುತ್ತಾನೆ. ಎದುರಿಗೆ ಬಿಳಿ ಪಂಚೆ, ಹೊಸ ಶಲ್ಯದಲ್ಲಿ ದೊಡ್ಡಪ್ಪ. ಬಗ್ಗಿ ಎರಡೂ ಕೈ ಚಾಚುತ್ತಾರೆ. ಅಣ್ಣ ತಟ್ಟೆಯನ್ನು ಆ ಕೈಗಳಲ್ಲಿ ಇಡುತ್ತಾನೆ.

“ಕೊಟ್ಟೆ. ನೋಡು, ಕೊಟ್ಟೆ,” ಎಂದ ಅಣ್ಣ. ಕುರ್ಚಿಯಿಂದ ಎದ್ದೇ ಬಿಟ್ಟಿದ್ದ.

ಅಷ್ಟರಲ್ಲಿ ಪರದೆಯ ಎಡಗಡೆಯಿಂದ ಒಂದು ಕೈ ಬಂತು. ಮಣಿಕಟ್ಟಿನಲ್ಲಿ ಕಪ್ಪು ದಾರ, ಅಗಲ ಪಟ್ಟಿಯ ಗಡಿಯಾರ. ಆ ಕೈ ದೊಡ್ಡಪ್ಪನ ಕೈಯಿಂದ ತಟ್ಟೆಯನ್ನು ಸಲೀಸಾಗಿ ಎತ್ತಿ ಅಣ್ಣನ ಕೈಗೆ ವಾಪಸ್ಸು ಕೊಟ್ಟಿತು. ವಾಲಗದಲ್ಲಿ ಮಾತು ಕೇಳಿಸಲಿಲ್ಲ, ಏನು ಹೇಳಿತೆಂದು ಕೇಳಿಸುವ ಅಗತ್ಯವೂ ಇರಲಿಲ್ಲ. ಫ್ಲಾಶ್ ಹೊಡೆದಿರಲಿಲ್ಲ. ಇನ್ನೊಂದ್ಸಲ. ಅಣ್ಣ ಕ್ಯಾಮೆರಾ ಕಡೆ ತಿರುಗಿ ನಗು ಸರಿಮಾಡಿಕೊಳ್ಳುವಷ್ಟರಲ್ಲಿ ಪುರೋಹಿತರು ಮುಹೂರ್ತ ಎಂದು ಅವಸರ ಮಾಡಿದರು, ಸೋದರಮಾವ ಬೆಳಕು ಬೀಳುವ ಜಾಗಕ್ಕೆ ಬಂದು ನಿಂತರು. ತಟ್ಟೆ ಅವರ ಕೈಗೆ ಹೋಯಿತು. ಫ್ಲಾಶ್ ಹೊಡೆಯಿತು. ಎಲ್ಲರೂ ಆ ಕಡೆ ತಿರುಗಿದರು.

ವೀಡಿಯೋದವರು ತಿರುಗಲು ಸ್ವಲ್ಪ ತಡ ಮಾಡಿದ್ದರು. ದೊಡ್ಡಪ್ಪನ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಅವರು ಅತ್ತಿತ್ತ ನೋಡಿದರು. ಆಮೇಲೆ ಅದೇ ಕೈಗಳಿಂದ, ಅದಕ್ಕೇ ಎತ್ತಿದ್ದೇನೋ ಎನ್ನುವ ಹಾಗೆ, ಸರಿಯಾಗೇ ಇದ್ದ ಶಲ್ಯವನ್ನು ಸರಿಮಾಡಿಕೊಂಡರು.

ಅಣ್ಣ ಕೂತುಕೊಂಡ. ಯಜಮಾನರು ತಮ್ಮ ಮಣಿಕಟ್ಟನ್ನು ನೋಡಿಕೊಂಡು, “ನನ್ ಕೈ,” ಎಂದರು. ನನಗೆ ಎಲ್ಲಿತ್ತೋ ಕೋಪ. ನಿಮ್ಮ ಒಂದು ಫೋಟೋಗೆ ಹುಡುಗಿಯ ಬಾಳು ಸಿಕ್ಕಿಹಾಕಿಕೊಂಡಿದೆಯಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಂದು ಮುಗಿಸಿದ ಮೇಲೆ ಅವರ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಅವರ ಮುಖ ಅಷ್ಟು ಸಣ್ಣದಾಗಿದ್ದನ್ನು ಕಂಡಿರಲಿಲ್ಲ. ಪಾಪ ಅನ್ನಿಸಿತು, ಅದೂ ನಿಜವೇ. ಮದುವೆ ಮದುವೆಗೂ ಅವರ ಕೈ ಹಾಗೆ ಯಾರ ಯಾರ ಕೈಯಿಂದಲೋ ಏನೇನನ್ನೋ ಎತ್ತಿದೆ, ಯಾರೂ ಏನೂ ಅಂದಿರಲಿಲ್ಲ.

ಅಣ್ಣ ಅವರ ಮೇಲೆ ಹಾರಿಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ. “ನಾನು ನೋಡ್ಲೇ ಇಲ್ಲ ಕಣೇ,” ಎಂದ. “ಫೋಟೋ ಕಡೆ ನೋಡ್ತಾ ಇದ್ದೆ.”

ಆಮೇಲೆ ಹೊರಡುವ ಮಾತಾಯಿತು. ಸಾಕ್ಷಿ ಹಿಡಿದು ಗೆಲ್ಲಲು ಬಂದಿದ್ದ ಅಣ್ಣ ಗುಬ್ಬಿಯ ಬಟ್ಟೆ ಅಂಗಡಿಯಲ್ಲಿ ಪಂಚೆ, ಶಲ್ಯ ಆರಿಸಿ ತೆಗೆದುಕೊಂಡ. ನಾನೂ ಬರುತ್ತೇನೆ ಎಂದು ಯಜಮಾನರು ವ್ಯಾನು ತೆಗೆದರು. ಅವರ ಕ್ಯಾಮೆರಾ ಬ್ಯಾಗು ಯಾವಾಗಲೂ ವ್ಯಾನಿನಲ್ಲೇ ಇರುತ್ತದೆ, ಇಳಿಯುವಾಗ ತಾನಾಗಿಯೇ ಅವರ ಹೆಗಲೇರುತ್ತದೆ. ನಾನು ಆ ತುಣುಕನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ದಾರಿಯುದ್ದಕ್ಕೂ ಯಜಮಾನರು ಸ್ಪೀಡು ನಲವತ್ತು ದಾಟಿಸಲಿಲ್ಲ. ಒಂದೆರಡು ಸಲ ಹೇಳಿದೆ, ಆಮೇಲೆ ನಾನೂ ಬಿಟ್ಟೆ.

ಹಾಗಲವಾಡಿಯಲ್ಲಿ ದೊಡ್ಡಪ್ಪ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿಯಾದದ್ದನ್ನು ಒಂದು ಕಡೆ, ಇನ್ನೂ ಕಾಯಬೇಕಾದ್ದನ್ನು ಇನ್ನೊಂದು ಕಡೆ ಹಾಕುತ್ತಿದ್ದರು. ನಮ್ಮನ್ನು ಕಂಡು ಕೈ ಒರೆಸಿಕೊಂಡು ಚಾಪೆ ಹಾಸಿದರು. ಮಜ್ಜಿಗೆ ತರಿಸಿದರು. ಮಳೆಯ ಮಾತಾಡಿದರು, ಬಸ್ಸಿನ ಮಾತಾಡಿದರು. ಆ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಆಯಿತು. ತಡೆಯಲಾರದೆ ನಾನೇ ಲ್ಯಾಪ್‌ಟಾಪು ತೆರೆದು ಅವರ ಕಡೆ ತಿರುಗಿಸಿದೆ. ಅವರು ಅಂಗೈಯಿಂದ ಮೆಲ್ಲಗೆ ಅದನ್ನು ಮುಚ್ಚಿದರು.

“ನನ್ ಕೈಗೆ ಆಗಿದ್ದು ನಂಗೊತ್ತಿಲ್ವೇನಮ್ಮ?” ಎಂದರು.

ನಾವು ಓಡಾಡಿದ್ದೆಲ್ಲ, ಕಡ್ಡಿ, ಕೇಬಲ್ಲು, ಪೋರ್ಟು, ಯಾವುದೂ ಅವರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನಮಗೆ. ಯಜಮಾನರು ಎದ್ದು ನಿಂತರು. ತಟ್ಟೆ ತೆಗೆದುಕೊಂಡದ್ದು ತಾನು, ಮೇಷ್ಟ್ರಿಗೆ ಗೊತ್ತೇ ಆಗಿಲ್ಲ, ಫೋಟೋ ಕೆಟ್ಟಿತ್ತು ಅದಕ್ಕೇ ಎಂದು ತಡವರಿಸುತ್ತಾ ಹೇಳಿದರು. ದೊಡ್ಡಪ್ಪ ಅವರನ್ನೇ ನೋಡುತ್ತಾ ಕೇಳಿಸಿಕೊಂಡರು.

“ಸ್ವಲ್ಪ ಇರಿ, ಫೋಟೋಗೆ ಅಂತ ಒಂದ್ ಮಾತು ಹೇಳಿದ್ರೆ ಆಗಿತ್ತು,” ಎಂದರು. “ನಮ್ಮೂರೋರೆಲ್ಲ ನೋಡ್ತಾ ಕುಂತಿದ್ರು ಕಣಪ್ಪ.”

ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಅಣ್ಣ ಅವರ ಮನೆಯವರಿಂದಲೇ ಒಂದು ತಟ್ಟೆ ಕೇಳಿ ಈಸಿಕೊಂಡ. ಪಂಚೆ, ಶಲ್ಯ, ಎಲೆಅಡಿಕೆ ಇಟ್ಟು, ಅಲ್ಲೇ ರಾಶಿಯಲ್ಲಿದ್ದ ಕಾಯಿಯೊಂದನ್ನು ಇಡಲೇ ಎನ್ನುವ ಹಾಗೆ ನೋಡಿದ. ದೊಡ್ಡಪ್ಪ ತಾವೇ ಒಂದನ್ನು ಅಲ್ಲಾಡಿಸಿ ಆರಿಸಿ ಕೊಟ್ಟರು. ಅಣ್ಣ ಬಗ್ಗಿ ತಟ್ಟೆಯನ್ನು ಅವರ ಕೈಯಲ್ಲಿಟ್ಟ. ಅವನ ಕಣ್ಣು ತುಂಬಿತ್ತು, ನನ್ನದೂ.

ಆಗ ಯಜಮಾನರ ಕೈ ಅಭ್ಯಾಸಬಲದಿಂದ ತಾನಾಗಿಯೇ ಹೆಗಲ ಮೇಲಿನ ಬ್ಯಾಗಿಗೆ ಹೋಯಿತು. ಹೋದದ್ದು ತಿಳಿದು ಬೆಂಕಿ ಮುಟ್ಟಿದವರ ಹಾಗೆ ಹಿಂದಕ್ಕೆ ಎಳೆದುಕೊಂಡರು. ದೊಡ್ಡಪ್ಪ ಅದನ್ನು ಕಂಡರು.

“ತಗಿಯಪ್ಪ, ಫೋಟೋ ತಗಿ,” ಎಂದರು. “ಈ ಸಲ ತಟ್ಟೆ ಮಾತ್ರ ನಾನು ಬುಡಲ್ಲ.”

ಯಜಮಾನರು ಒಂದೇ ಒಂದು ತೆಗೆದರು. ತಟ್ಟೆಯನ್ನು ಎದೆಗೆ ಒತ್ತಿಕೊಂಡೇ ದೊಡ್ಡಪ್ಪ, ಶ್ರಾವಣ ಹುಟ್ಟಿದ ಸೋಮವಾರ ಬರುತ್ತೇವೆ, ಮಗುವಿಗೆ ಹೇಳಿ ಎಂದು ಅಣ್ಣನಿಗೆ ಹೇಳಿದರು. ನಾನು ಅಂಗಳಕ್ಕೆ ಓಡಿ ಹುಡುಗಿಗೆ ಫೋನು ಮಾಡಿದೆ. ವಿಷಯ ತಿಳಿದು ಅವಳು ಬಿಕ್ಕಿದಳು, ನಾನೂ ಅವಸರ ಮಾಡದೆ ಫೋನು ಹಿಡಿದುಕೊಂಡು ನಿಂತೆ.

ಆ ಫೋಟೋ ಈಗ ಅಮೃತೂರಿನ ಆಲ್ಬಮ್ಮಿನಲ್ಲಿ, ಸೋದರಮಾವನ ಫೋಟೋದ ಪಕ್ಕದಲ್ಲೇ ಇದೆ. ತೆಗೆಯುವಾಗ ಅದು ಸ್ವಲ್ಪ ಅಲುಗಿದೆ. ವ್ಯಾನಿನಲ್ಲಿ ಕೂತು ನೋಡಿದಾಗ ಇನ್ನೊಂದ್ಸಲ ತೆಗೆಯಿರಿ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.